ಸೋಡಚೀಟಿಯ ಹೆಬ್ಬೆಟ್ಟು

ಬಾಗಿಲ ಸೀಳಿನಿಂದ ಆ ಲಕೋಟೆ ಒಳಗೆ ಬಿದ್ದಾಗ ನಾನು ಮೂವತ್ತೆರಡನೆಯ ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿಯ ಎಣಿಕೆ ನನಗೆ ಎಂದೂ ತಪ್ಪುವುದಿಲ್ಲ. ವೆಲ್ಡ್‌ಹೋವನ್ನಿನ ಆಫೀಸುಗಳಲ್ಲಿ ದುಡಿಯುವ ನಮ್ಮ ಕಡೆಯ ಎಂಜಿನಿಯರುಗಳಿಗೆ ಮಧ್ಯಾಹ್ನದ ಬುತ್ತಿ ಕಟ್ಟುವುದು ನನ್ನ ಕೆಲಸ. ದಿನಕ್ಕೆ ನೂರಿಪ್ಪತ್ತು ಜೋಳದ ರೊಟ್ಟಿ, ಒಂದು ಪಲ್ಯ, ಒಂದು ಕಾಳು, ಶೇಂಗಾ ಚಟ್ನಿ. ಹನ್ನೊಂದೂವರೆಗೆ ಡಬ್ಬಿಗಳು ಬಸ್ಸು ಹತ್ತಬೇಕು.

ಬಸ್ಸು ಓಡಿಸುತ್ತಿದ್ದವಳು ನನ್ನ ಜೊತೆ ಬಾಳುತ್ತಿದ್ದವಳೇ. ಡಬ್ಬಿಯ ಚೀಲ ಹೊತ್ತು ಅವಳ ಬಸ್ಸು ಹತ್ತಿ ಇಳಿದು ಪರಿಚಯವಾದದ್ದು. ಅವಳು ಈ ದೇಶದವಳು, ಡಚ್ ಹೆಂಗಸು. ನಾವಿಬ್ಬರೂ ಅರ್ಧ ಡಚ್, ಅರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತೇವೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಮೂರು ವರ್ಷದ ಹಿಂದೆ, ೨೦೧೩ರಲ್ಲಿ, ನಾವು ಇಲ್ಲಿನ ನಗರಸಭೆಯಲ್ಲಿ ಪಾರ್ಟ್ನರ್‌ಶಿಪ್ ನೋಂದಾಯಿಸಿದ್ದೆವು. ಅದು ಮದುವೆಯಲ್ಲ, ಆದರೆ ಕಾನೂನಿನ ಕಣ್ಣಿಗೆ ಮದುವೆಗೆ ಸಮ. ಅದಕ್ಕೂ ಮುಂಚೆ ಐದು ವರ್ಷ ಒಂದು ಹೋಟೆಲಿನ ಅಡುಗೆಯವನಾಗಿ, ಮಾಲೀಕರ ಹೆಸರಿಗೆ ಕಟ್ಟಿದ ವಾಸದ ಪರ್ಮಿಟ್ಟಿನ ಮೇಲೆ ಇದ್ದೆ. ಪಾರ್ಟ್ನರ್‌ಶಿಪ್ ಆದ ಮೇಲೆ ಪರ್ಮಿಟ್ಟು ಅವಳ ಹೆಸರಿಗೆ ಬಂತು, ನನ್ನದೇ ಅಡುಗೆಮನೆ ಶುರುವಾಯಿತು. ನನ್ನ ಹೆಸರಿನ ಫಲಕ ಬಾಗಿಲಿಗೆ ಬಿದ್ದ ದಿನ ನಾನು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಅದನ್ನು ನೋಡಿದ್ದೆ.

ಅವಳು ಲಕೋಟೆ ಎತ್ತಿಕೊಂಡು ಬಂದಳು. "ನಿನ್ನ ಊರಿನದು. ಮೊಹರು ಬಹಳ ಇದೆ," ಎಂದಳು.

ಕೈ ತೊಳೆದು ಒಡೆದೆ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು, ಆದರೆ ಕನ್ನಡ ಓದುತ್ತೇನೆ. ನಮ್ಮ ಜಿಲ್ಲೆಯ ಕೌಟುಂಬಿಕ ನ್ಯಾಯಾಲಯದ ನೋಟೀಸು. ಅರ್ಜಿದಾರಳ ಜಾಗದಲ್ಲಿ ಹದಿನೇಳು ವರ್ಷದಿಂದ ನಾನು ಬಾಯಲ್ಲಿ ಹೇಳದ ಒಂದು ಹೆಸರು. ಎದುರಿಗೆ ನನ್ನ ಹೆಸರು, ಅದರ ಮುಂದೆ 'ಗಂಡ'. ಆಕೆ ನನ್ನಿಂದ ವಿಚ್ಛೇದನ ಕೇಳಿದ್ದಳು.

"ಏನದು?"

"ಹೊಲದ ತಕರಾರು."

ಹಂಚಿನ ಮುಂದೆ ಹೋಗಿ ಮೂವತ್ತಮೂರನೆಯದನ್ನು ಬಡಿಯಲು ಕೂತೆ. ಅಂಚು ಒಡೆಯಿತು. ಮತ್ತೆ ನಾದಿದೆ, ಮತ್ತೆ ಒಡೆಯಿತು. ಅವಳು ಕಾಫಿ ಬಟ್ಟಲು ಹಿಡಿದು ನೋಡುತ್ತಿದ್ದಳು.

"ಹೊಲದ ತಕರಾರಿಗೆ ರೊಟ್ಟಿ ಹರಿಯುತ್ತಾ?" ಎಂದು ಕೇಳಿ ಸಮವಸ್ತ್ರ ಹಾಕಿಕೊಳ್ಳಲು ಹೋದಳು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೆ ಮದುವೆಯಾಗಿತ್ತು. ಆಕೆ ಮೆಟ್ರಿಕ್ ಪಾಸಾದವಳು, ನಾನು ಹುಬ್ಬಳ್ಳಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವನು. ಆಕೆ ಪೇಪರು ಓದಿ ಹೇಳಿದರೆ ನನಗೆ ಬೈದ ಹಾಗೆ ಕೇಳಿಸುತ್ತಿತ್ತು. ಮಾಸ್ತರಿಕೆಯ ಟ್ರೇನಿಂಗಿಗೆ ಹೋಗುತ್ತೇನೆಂದಳು, ಬೇಡವೆಂದೆ. ಆಕೆ ತವರಿಗೆ ಹೋದಳು. ನಾನು ಕರೆಯಲಿಲ್ಲ, ಆಕೆಯಾಗಿ ಬರಲಿಲ್ಲ. ನಮ್ಮ ಕಡೆ ಇಂಥದ್ದಾದರೆ ಹಿರಿಯರು ಕೂತು ಛಾಪಾ ಕಾಗದದ ಮೇಲೆ ಇಬ್ಬರ ಬಿಡುಗಡೆ ಬರೆಸುತ್ತಿದ್ದರು. ಅದಕ್ಕೆ ಸೋಡಚೀಟಿ ಎನ್ನುತ್ತಾರೆ. ನಮಗೂ ಬರೆಸಿದರು. ಊರಿನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಪಾರ್ಟ್ನರ್‌ಶಿಪ್ಪಿಗೆ ಕಾಗದ ಬೇಕೆಂದು ಕೇಳಿದಾಗ ಅಣ್ಣ 'ಅವಿವಾಹಿತ' ಎಂದು ಪ್ರಮಾಣಪತ್ರ ಮಾಡಿಸಿ ಕಳಿಸಿದ. ನಾನು ಅದನ್ನು ನಗರಸಭೆಯ ಮೇಜಿನ ಮೇಲೆ ಇಟ್ಟು ಸಹಿ ಹಾಕಿದ್ದೆ.

ನೋಟೀಸಿನ ಜೊತೆ ಇಂಗ್ಲಿಷಿನ ಹಾಳೆಗಳೂ ಇದ್ದವು. ಎರಡು ದಿನ ಬಿಟ್ಟು ಅವನ್ನು ನನ್ನ ಗಿರಾಕಿಯಾದ ಒಬ್ಬ ಮೈಸೂರಿನ ಎಂಜಿನಿಯರನ ಹತ್ತಿರ ಒಯ್ದೆ. ಒಳ್ಳೆಯ ಮನುಷ್ಯ, ಎಣ್ಣೆಗಾಯಿ ಇದ್ದ ದಿನ ಎರಡು ಡಬ್ಬಿ ತೆಗೆದುಕೊಳ್ಳುವವನು. ಅವನು ಓದುತ್ತ ಓದುತ್ತ ತುತ್ತು ಕೆಳಗಿಟ್ಟ.

"ಅಣ್ಣಾ, ತಪ್ಪು ತಿಳ್ಕೋಬೇಡಿ. ನಿಮಗೆ ಮದ್ವೆ ಆಗಿತ್ತಾ?"

"ಆಗಿತ್ರಿ. ಬಿಟ್ಟಿತ್ತು."

"ಬಿಟ್ಟಿತ್ತು ಅಂದ್ರೆ? ಕೋರ್ಟ್ ಡಿಕ್ರಿ ಇದ್ಯಾ?"

"ಸೋಡಚೀಟಿ ಐತ್ರಿ."

"ಅದೇನಣ್ಣಾ, ಸೋಡಾ ಅಂಗಡಿ ಚೀಟಿ ಥರ ಹೇಳ್ತೀರಲ್ಲ." ನಗುತ್ತಲೇ ಹೇಳಿದ. ನಾನು ನಗಲಿಲ್ಲ. ಅವನೂ ನಿಲ್ಲಿಸಿದ. "ಇಲ್ಲಿ ಒಂದು ಮದ್ವೆ ಇರೋವಾಗ ಇನ್ನೊಂದು ರಿಜಿಸ್ಟರ್ ಮಾಡ್ಸೋ ಹಾಗಿಲ್ಲ. ಲಾಯರ್ ಹತ್ರ ಹೋಗಿ. ಇವತ್ತೇ ಹೋಗಿ."

ವಕೀಲೆಯ ಆಫೀಸು ಐಂಡ್‌ಹೋವನ್ನಿನ ಸ್ಟೇಷನ್ನಿನ ಹಿಂದೆ. ಎತ್ತರದ ಹೆಂಗಸು, ಮಾತು ನಿಧಾನ. ಎಂಜಿನಿಯರ್ ಪಕ್ಕದಲ್ಲಿ ಕೂತು ತಿಳಿಸಿ ಹೇಳಿದ. ನನ್ನ ಪಾರ್ಟ್ನರ್‌ಶಿಪ್ಪು ಈಗ ರಿಜಿಸ್ಟರಿನಲ್ಲಿ ನಿಂತಿದೆ. ನ್ಯಾಯಾಧೀಶರು ಅಸಿಂಧು ಎಂದು ಘೋಷಿಸುವ ತನಕ ನಿಂತೇ ಇರುತ್ತದೆ. ಘೋಷಿಸಿದರೆ ಅದು ಮೊದಲ ದಿನದಿಂದಲೇ ಇರಲಿಲ್ಲ ಎಂದಾಗುತ್ತದೆ. ವಿಚ್ಛೇದನ ಬೇರೆ, ಇದು ಬೇರೆ. ನಾನು ಅರ್ಜಿ ಹಾಕಬಹುದು, ನನ್ನ ಜೊತೆ ಬಾಳುವವಳು ಹಾಕಬಹುದು, ಸರ್ಕಾರಿ ವಕೀಲರೂ ಹಾಕಬಹುದು. ಅರ್ಜಿ ವಕೀಲರ ಮೂಲಕವೇ ಹೋಗಬೇಕು.

"ನಿಮ್ಮ ಸೋಡಚೀಟಿ ನಿಮ್ಮ ಜಾತಿಯ ರೂಢಿಯ ಪ್ರಕಾರ ಸರಿಯಾಗಿದ್ದು, ಇಬ್ಬರೂ ಒಪ್ಪಿ ಬರೆದದ್ದಾದರೆ, ಅದನ್ನೇ ಹಿಡಿದು ವಾದಿಸಬಹುದು," ಎಂದಳು. "ಆಗ ಪಾರ್ಟ್ನರ್‌ಶಿಪ್ಪು ಉಳಿಯುತ್ತದೆ. ಇಲ್ಲದಿದ್ದರೆ ಬೇರೆಯವರು ಕಂಡುಹಿಡಿಯುವ ಮುಂಚೆ ನೀವೇ ಹೋಗುವುದು ಮೇಲು."

"ಅಸಿಂಧು ಆದರೆ ನನ್ನ ಪರ್ಮಿಟ್ಟು?"

"ಅದು ಇದರ ಮೇಲೆ ನಿಂತಿದೆ," ಎಂದು ಮೇಜಿನ ಮೇಲಿನ ನೋಂದಣಿ ಪತ್ರ ಮುಟ್ಟಿ ತೋರಿಸಿದಳು.

ಹಿಂದಿರುಗುವಾಗ ಸೈಕಲ್ಲಿನ ಬೀಗದ ಕೀಲಿ ತೂತಿಗೆ ಹೋಗಲಿಲ್ಲ. ಎಂಜಿನಿಯರ್ ತೆಗೆದು ಕೊಟ್ಟ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಅವಳಿಗೆ ಹೇಳಿದೆ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಕೊನೆಯ ತನಕ ಸವರುತ್ತಲೇ ಇದ್ದಳು.

"ಹೊಲ ಅಂದಿದ್ದೆ," ಎಂದಳು.

"ಹೌದು."

"ಹೊಲಕ್ಕೆ ಹೆಸರಿದೆ. ಹೊಲ ಕೋರ್ಟಿಗೆ ಹೋಗಿದೆ." ಚಾಕು ಕೆಳಗಿಟ್ಟಳು. "ನಾನು ಇನ್ನೊಬ್ಬಳ ಗಂಡನ ಜೊತೆ ರಿಜಿಸ್ಟರಿನಲ್ಲಿ ನಿಲ್ಲುವುದಿಲ್ಲ. ಅವಳು ಬಿಟ್ಟಿದ್ದಾಳೆ ಅನ್ನುವುದನ್ನು ಕಾಗದದಲ್ಲಿ ತೋರಿಸು. ಇಲ್ಲವಾದರೆ ನ್ಯಾಯಾಧೀಶರ ಹತ್ತಿರ ಹೋಗು. ನೀನು ಹೋಗದಿದ್ದರೆ ನಾನು ಹೋಗುತ್ತೇನೆ."

"ಹೋದರೆ ನನ್ನನ್ನು ಊರಿಗೆ ಕಳಿಸಬಹುದು."

"ಗೊತ್ತು," ಎಂದಳು. ಕಣ್ಣು ಕೆಂಪಾಗಿತ್ತು, ಧ್ವನಿ ಬದಲಾಗಲಿಲ್ಲ.

ಅವತ್ತಿನಿಂದ ಅವಳು ಮೇಲಿನ ಕೋಣೆಯಲ್ಲಿ ಮಲಗತೊಡಗಿದಳು. ಅವಳ ಬಸ್ಸು ಹತ್ತಲು ನನಗೆ ಮುಖವಿರಲಿಲ್ಲ. ಡಬ್ಬಿಗಳನ್ನು ಸೈಕಲ್ಲಿನ ಎರಡು ಬದಿಗೆ ಕಟ್ಟಿಕೊಂಡು ಹೋಗಲು ಶುರು ಮಾಡಿದೆ. ಮೊದಲ ವಾರವೇ ಗಾಳಿಗೆ ಬಿದ್ದು ಕಾಳಿನ ಸಾರು ರಸ್ತೆ ಪಾಲಾಯಿತು.

ಆಮೇಲಿನ ತಿಂಗಳುಗಳಲ್ಲಿ ನನಗೆ ಇದ್ದದ್ದು ಒಂದೇ ಭಯವಲ್ಲ, ಅದರ ಮರಿಗಳು. ಅಂಚೆಯವಳ ಸೈಕಲ್ಲು ನಿಂತ ಸದ್ದಾದರೆ ಒಲೆ ಸಣ್ಣ ಮಾಡಿ ಬಾಗಿಲ ಸೀಳನ್ನೇ ನೋಡುತ್ತಿದ್ದೆ. ಪೊಲೀಸರ ಕಾರು ದಾಟಿ ಹೋದರೆ, ಹೋಗುವ ತನಕ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಹನ್ನೆರಡನೆಯ ವಯಸ್ಸಿನಿಂದ ಬೆಂಕಿಯ ಮುಂದೆ ಕೂತವನು ನಾನು, ಯಾರ ಹತ್ತಿರವೂ ಕೈ ಚಾಚಿದವನಲ್ಲ. ಈಗ ಬಾಗಿಲಿನ ಮೇಲಿನ ನನ್ನ ಹೆಸರು ಕಂಡರೇ ಹೆದರಿಕೆಯಾಗುತ್ತಿತ್ತು.

ಕಾಗದದಲ್ಲಿ ತೋರಿಸು ಎಂದಿದ್ದಳಲ್ಲ, ಮೊದಲು ಸೋಡಚೀಟಿಗಾಗಿ ಅಣ್ಣನಿಗೆ ಫೋನು ಮಾಡಿದೆ.

"ಅದನ್ನ ಯಾಕ ಕೆದರ್ತಿಯೋ ತಮ್ಮಾ?" ಎಂದ. "ಅಸಲ ಕಾಗದ ನನ್ನ ಟ್ರಂಕಿನ್ಯಾಗ ಐತಿ, ಅದು ಹೊರಗ ಬರೂದಿಲ್ಲ. ಬೇಕಾರ ಝೆರಾಕ್ಸ್ ಕಳಸ್ತೀನಿ. ಆಕಿ ಒಪ್ಪಿ ಒತ್ತಿದ್ದು ಅಂತ ನೀ ಹೇಳು, ನಾವೂ ಹೇಳ್ತೀವಿ. ಮುಗೀತು."

"ಆಕಿಗೆ ಸಹಿ ಮಾಡಾಕ ಬರ್ತಿತ್ತಲ್ಲೋ ಅಣ್ಣಾ."

"ಬರ್ತಿತ್ತೋ ಬಿಡ್ತಿತ್ತೋ, ಅಲ್ಲೆ ಯಾರಿಗ ಗೊತ್ತಾಕ್ಕೈತಿ?" ದನಿ ತಗ್ಗಿಸಿದ. "ನಿನ್ನ ಹೆಬ್ಬೆಟ್ಟಿನ ಗೆರಿ ಎಲ್ಲಾ ಸುಟ್ಟ ಹೋಗ್ಯಾವ ಅಂತ ನೀನ ಹೇಳಿದ್ದಿ. ಯಾರ ತಂದ ಜೋಡಸ್ತಾರ?"

ಇದನ್ನು ಈಗ ಬರೆಯಲೇಬೇಕು. ಸೋಡಚೀಟಿ ಬರೆದ ದಿನ ಆಕೆ ಬಂದಿರಲಿಲ್ಲ. ಆಕೆಯ ಸೋದರಮಾವ ಬಂದಿದ್ದ, ಹುಡುಗಿ ಒಪ್ಪಿದ್ದಾಳೆ ಎಂದ. ಹಾಗಾದರೆ ಗುರುತು ಬೇಕಲ್ಲ ಎಂದರು ಹಿರಿಯರು. ಸಹಿ ಮಾಡಲು ಆಕೆ ಅಲ್ಲಿರಲಿಲ್ಲ; ಆಕೆಯ ಅಕ್ಷರ ಬರೆಯಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಣ್ಣ ನನ್ನ ಎಡಗೈ ಹಿಡಿದು ಹೆಬ್ಬೆರಳನ್ನು ಶಾಯಿಗೆ ಅದ್ದಿದ. ನಾನು ಕೈ ಎಳೆದುಕೊಳ್ಳಲಿಲ್ಲ. ನಾನೇ ಒತ್ತಿದೆ. ಆಮೇಲೆ ಬಲಗೈಯಿಂದ ಪಕ್ಕದಲ್ಲಿ ನನ್ನ ಸಹಿ ಮಾಡಿದೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನ ಸಹಿ ಒಂದು ಕಡೆ, ಮೆಟ್ರಿಕ್ ಪಾಸಾದವಳ ಹೆಬ್ಬೆಟ್ಟು ಇನ್ನೊಂದು ಕಡೆ. ಆ ಹೊತ್ತಿನಲ್ಲಿ ಅದು ನನಗೆ ಒಳಗೊಳಗೇ ಖುಷಿ ಕೊಟ್ಟಿತು. ಇದೊಂದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಪ್ರಯೋಜನವಿಲ್ಲ.

ಅಣ್ಣ ಹೇಳಿದ್ದೂ ನಿಜ. ಹಿಂದೆ ಪರ್ಮಿಟ್ಟಿನ ಕಾರ್ಡಿಗೆ ಬೆರಳಚ್ಚು ತೆಗೆಯುವಾಗ ಕೌಂಟರಿನವನು ಗಾಜು ಒರೆಸಿ ಒರೆಸಿ ಸೋತಿದ್ದ. ಯಂತ್ರಕ್ಕೆ ನನ್ನ ಹೆಬ್ಬೆರಳಲ್ಲಿ ಏನೂ ಕಾಣಲಿಲ್ಲ. ಇಪ್ಪತ್ತೈದು ವರ್ಷ ಕುದಿಯುವ ಎಸರಿನ ಹಿಟ್ಟು ನಾದಿ, ಹಂಚಿನ ಮೇಲಿನ ರೊಟ್ಟಿ ಬರಿಗೈಯಲ್ಲಿ ಹೊರಳಿಸಿದ ಬೆರಳು. "ಕೆಲಸ ಮಾಡಿದ ಕೈ," ಎಂದು ನಾನು ಅವನಿಗೆ ಹೆಮ್ಮೆಯಿಂದ ಹೇಳಿದ್ದೆ. ಈಗ ಅದೇ ಕೈ ನನ್ನನ್ನು ಬಚ್ಚಿಡುತ್ತಿತ್ತು.

ಅರ್ಜಿ ಹಾಕುವುದಾದರೆ ಬೇಕಾದ ಕಾಗದಗಳೆಂದು ವಕೀಲೆ ಕೊಟ್ಟ ಪಟ್ಟಿಯಲ್ಲಿ ಒಂದು ವಿಚಿತ್ರವಿತ್ತು. ಇಲ್ಲಿಯದು ಅಸಿಂಧು ಆಗಬೇಕಾದರೆ ಅಲ್ಲಿಯ ಮದುವೆ ನಡೆದಿತ್ತೆಂದು ನಾನೇ ರುಜುವಾತು ಮಾಡಬೇಕು. ನಮ್ಮ ಮದುವೆ ಎಲ್ಲಿಯೂ ನೋಂದಣಿಯಾಗಿರಲಿಲ್ಲ. ಲಗ್ನಪತ್ರಿಕೆ, ಫೋಟೋ, ಕಂಡವರ ಪ್ರಮಾಣಪತ್ರ ಆದರೂ ಬೇಕು. ನಮ್ಮ ಮನೆಯಲ್ಲಿದ್ದದ್ದನ್ನು ಅಣ್ಣ ಸೋಡಚೀಟಿ ಬರೆದ ದಿನವೇ ಒಲೆಗೆ ಹಾಕಿದ್ದ. ಉಳಿದಿದ್ದರೆ ಆಕೆಯ ಹತ್ತಿರವೇ.

ನೋಟೀಸಿನಲ್ಲಿದ್ದ ವಕೀಲರ ಮೂಲಕ ಆಕೆಯ ನಂಬರು ಸಿಕ್ಕಿತು. ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಫೋನು ಹಚ್ಚಿದೆ.

"ಹೇಳ್ರಿ," ಎಂದಳು.

"ನಾ ಮಾತಾಡೂದು."

"ಗೊತ್ತಾತ್ರಿ. ಧ್ವನಿ ಹಂಗ ಐತಿ."

ಬೇಕಾದದ್ದನ್ನು ಹೇಳಿದೆ. ತಡವರಿಸಿ ಹೇಳಿದೆ. ಆಕೆ ಸಣ್ಣಗೆ ನಕ್ಕಳು.

"ನಾ ಬಿಡುಗಡಿ ಬೇಕಂತ ಕೋರ್ಟಿಗೆ ಹೋಗೀನಿ. ನೀವು ಮದುವಿ ಆಗಿತ್ತಂತ ತೋರಸಾಕ ನನ್ನ ಕಡೆ ಕಾಗದ ಕೇಳ್ತೀರಿ."

"ಹೌದು."

"ಹದಿನೇಳ ವರ್ಷ ಆತ್ರಿ. ಟ್ರೇನಿಂಗ್ ಮುಗಿಸಿ ಸಾಲಿ ಸೇರಿದೆ. ದಿನಾ ಹುಡುಗ್ರಿಗೆ ಅಕ್ಷರ ತಿದ್ದಸ್ತೀನಿ. ಊರಾಗ ಮಂದಿ ಇನ್ನೂ ನನಗ ಹೆಬ್ಬೆಟ್ಟಿನ ಅಕ್ಕೋರು ಅಂತಾರ. ಈಗ ಒಬ್ಬರು ಮದುವಿ ಆಗ್ತೀನಿ ಅಂದಾರ. ಅವರ ಮನ್ಯಾಗೂ ಆ ಚೀಟಿ ಝೆರಾಕ್ಸ್ ಹೋಗೇತಿ."

ಫೋನನ್ನು ಎಡಗೈಯಿಂದ ಬಲಗೈಗೆ ಬದಲಿಸಿದೆ.

"ಕಾಗದ ಕಳಸ್ತೀನಿ," ಎಂದಳು. "ನೀವೂ ಒಂದು ಬರದ ಕಳಸ್ರಿ. ಹೆಬ್ಬೆಟ್ಟಿನ ಮಾತು."

"ನಿನ್ನದಲ್ಲಂತ ಬರೀತೀನಿ."

"ನಂದಲ್ಲ ಅನ್ನೂದು ನನಗ ಗೊತ್ತೈತ್ರಿ. ಯಾರದು ಅಂತ ಬರೀರಿ."

ಫೋನು ಇಟ್ಟ ಮೇಲೆ ಹಿಟ್ಟು ಕಲಸಿಟ್ಟದ್ದು ಒಣಗಿ ಬಿರುಕು ಬಿಡುವ ತನಕ ಹಾಗೆಯೇ ಕೂತಿದ್ದೆ.

ನನ್ನ ತಲೆಯಲ್ಲಿ ಆಗ ಓಡಿದ್ದು ಒಳ್ಳೆಯ ಯೋಚನೆಗಳಲ್ಲ. ಬರೆದರೆ ಅಲ್ಲಿ ಕೇಸು ಬೀಳುತ್ತದೆ. ಅಣ್ಣನೂ ಸಿಕ್ಕಿಬೀಳುತ್ತಾನೆ. ಇಲ್ಲಿ ವಲಸೆ ಇಲಾಖೆ ಓದುತ್ತದೆ. ಆಕೆಗೆ ಹೇಗೂ ವಿಚ್ಛೇದನ ಸಿಗುತ್ತದೆ. ಹೆಬ್ಬೆಟ್ಟಿನ ಮಾತು ಯಾಕೆ ಬೇಕು. ಹೀಗೆ ನಾಲ್ಕು ವಾರ ಕಳೆದೆ. ಆಕೆಗೂ ಬರೆಯಲಿಲ್ಲ, ವಕೀಲೆಗೂ ಹೇಳಲಿಲ್ಲ.

ವಕೀಲೆ ಅಷ್ಟರಲ್ಲಿ ಅರ್ಜಿಯ ಕರಡು ಕಳಿಸಿದಳು. ಅಣ್ಣ ಕಳಿಸಿದ ಝೆರಾಕ್ಸಿನ ಸೋಡಚೀಟಿಯನ್ನು ಪ್ರಮಾಣಿತ ಭಾಷಾಂತರಕಾರರಿಂದ ಡಚ್ಚಿಗೆ ಮಾಡಿಸಿದ್ದಳು. ಅದರಲ್ಲಿ ಕೊನೆಗೆ 'ಹೆಂಡತಿಯ ಹೆಬ್ಬೆಟ್ಟು' ಎಂದಿತ್ತು. ಅಂಚಿನಲ್ಲಿ ವಕೀಲೆ ಪೆನ್ಸಿಲಿನಿಂದ ಕೇಳಿದ್ದಳು: ಇವರಿಗೆ ಓದುಬರಹ ಬರುವುದಿಲ್ಲವೇ?

ಒಂದು 'ಇಲ್ಲ' ಸಾಕಿತ್ತು. ಆಕೆಗೆ ಬರೆಯಲು ಬರುವುದಿಲ್ಲವೆಂದರೆ ಹೆಬ್ಬೆಟ್ಟು ಆಕೆಯದಾಗುತ್ತದೆ, ಸೋಡಚೀಟಿ ಸರಿಯಾಗುತ್ತದೆ, ಅರ್ಜಿಯೇ ಬೇಕಾಗುವುದಿಲ್ಲ. ಪರ್ಮಿಟ್ಟು, ಅಡುಗೆಮನೆ, ಬಾಗಿಲ ಮೇಲಿನ ಹೆಸರು, ಎಲ್ಲ ಉಳಿಯುತ್ತದೆ.

ಎಂಜಿನಿಯರ್ ಭಾನುವಾರ ನನ್ನ ಅಡುಗೆಮನೆಯಲ್ಲಿ ಕೂತು ಕರಡನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದ. ಒಂಬತ್ತನೆಯ ಪ್ಯಾರಾ ಹೀಗಿತ್ತು: ಮೊದಲ ಮದುವೆ ಮುಗಿದಿದೆಯೆಂದು ಅರ್ಜಿದಾರನು ಪ್ರಾಮಾಣಿಕವಾಗಿ ನಂಬಿದ್ದನು.

"ಇದು ಇಂಪಾರ್ಟೆಂಟ್ ಪಾಯಿಂಟ್ ಅಣ್ಣಾ," ಎಂದ. "ಅಸಿಂಧು ಆದ್ರೂ ಈ ಒಂದು ಸೆಂಟೆನ್ಸ್ ಇದ್ರೆ ಇಮಿಗ್ರೇಷನ್‌ನವ್ರು ನಿಮ್ಮನ್ನ ಫ್ರಾಡ್ ಅನ್ನೋಕಾಗಲ್ಲ. ಇದನ್ನ ಗಟ್ಟಿ ಹಿಡ್ಕೊಳ್ಳಿ."

"ಅದು ಸುಳ್ಳಾದರ?"

ಅವನು ನನ್ನ ಮುಖ ನೋಡಿದ. ಹೆಬ್ಬೆಟ್ಟಿನ ಸಂಗತಿ ಹೇಳಿದೆ. ಅವನು ಎದ್ದು ನಲ್ಲಿ ತಿರುಗಿಸಿ ನೀರು ಕುಡಿದ.

"ನನಗೆ ಯಾಕಣ್ಣಾ ಹೇಳಿದ್ರಿ?" ಎಂದ. ನಲ್ಲಿ ನಿಲ್ಲಿಸಿ, "ಯಾರಿಗೂ ಪ್ರೂವ್ ಮಾಡೋಕಾಗಲ್ಲ. ಸುಮ್ನೆ ಇದ್ಬಿಡಿ. ನಾನು ಕೇಳಿಸ್ಕೊಂಡಿಲ್ಲ ಅಂದ್ಕೊಳ್ಳಿ."

ಸುಮ್ಮನೆ ಇರುತ್ತಿದ್ದೆನೋ ಏನೋ. ಆ ಗುರುವಾರ ಅಂಚೆ ಬಂತು. ದಪ್ಪ ಕಂದು ಲಕೋಟೆ. ಒಳಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಅಂಚು ಮುಕ್ಕಾಗಿದ್ದರೂ ಇಬ್ಬರ ಹೆಸರೂ ಸ್ಪಷ್ಟವಾಗಿತ್ತು. ಎರಡು ಫೋಟೋ. ಆಕೆಯ ಪ್ರಮಾಣಪತ್ರ, ಬೇಕಾದ ಸರ್ಕಾರಿ ಮೊಹರುಗಳ ಸಮೇತ. ನನ್ನ ಕಾಗದಕ್ಕೆ ಕಾಯದೆ ಎಲ್ಲವನ್ನೂ ಕಳಿಸಿದ್ದಳು. ಪ್ರತಿ ಪುಟದ ಕೆಳಗೆ ಸಹಿ. ದುಂಡಗೆ, ಓರೆಯಿಲ್ಲದೆ, ಪೂರ್ತಿ ಹೆಸರು. ಆಕೆಯ ಸಹಿಯನ್ನು ನಾನು ಕಂಡದ್ದು ಅದೇ ಮೊದಲು. ಏಳು ಪುಟ, ಏಳು ಸಹಿ. ಒಂದೊಂದನ್ನೂ ನೋಡಿದೆ.

ಅಂದು ಡಬ್ಬಿ ಕೊಟ್ಟು ಬಂದವನೇ ಗೆರೆಯ ಹಾಳೆ ತೆಗೆದುಕೊಂಡು ಕೂತೆ. ಎರಡು ಪುಟಕ್ಕೆ ಮೂರು ದಿನ ಹಿಡಿಯಿತು. ಯಾರು ಕೂತಿದ್ದರು, ಶಾಯಿಯ ಡಬ್ಬಿ ಎಲ್ಲಿತ್ತು, ಯಾವ ಕೈ, ಯಾವ ಬೆರಳು, ಎಲ್ಲ ಬರೆದೆ. ಅಣ್ಣ ನನ್ನ ಕೈ ಹಿಡಿದ ಎಂದು ಬರೆದಿದ್ದೆ. ಹೊಡೆದು ಹಾಕಿ ನಾನೇ ಒತ್ತಿದೆ ಎಂದು ಬರೆದೆ. ಎಂಜಿನಿಯರ್ ಟೈಪ್ ಮಾಡಿ ಕೊಡುತ್ತೇನೆ ಎಂದ, ಬೇಡವೆಂದೆ. ಒಂದು ಪ್ರತಿ ಆಕೆಗೆ, ಒಂದು ವಕೀಲೆಗೆ.

ವಕೀಲೆ ಭಾಷಾಂತರ ಓದಿ ಕನ್ನಡಕ ತೆಗೆದಳು. "ಒಂಬತ್ತನೆಯ ಪ್ಯಾರಾ ತೆಗೆಯಬೇಕಾಗುತ್ತದೆ. ನಿಮ್ಮ ವಾಸಕ್ಕೆ ಇದ್ದ ಹಗ್ಗ ಅದೊಂದೇ."

"ತೆಗೀರಿ," ಎಂದೆ. ವಕೀಲೆ ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಹೇಳಿದೆ. ಪ್ಯಾರಾದ ಮೇಲೆ ಅಡ್ಡ ಗೆರೆ ಎಳೆದಳು.

ಅರ್ಜಿ ಕೋರ್ಟಿಗೆ ಹೋಗುವ ಮುಂಚೆ ಬಸ್ಸಿನವಳಿಗೆ ನಾನೇ ಹೇಳಬೇಕಿತ್ತು. ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಅವಳಿಗೆ ಹನ್ನೆರಡು ನಿಮಿಷದ ಬಿಡುವು ಇರುತ್ತದೆ. ಅಲ್ಲಿ ಕಾದೆ. ಅವಳು ಬಾಗಿಲು ತೆರೆದಳು, ನಾನು ಹತ್ತದೆ ಮೆಟ್ಟಿಲ ಕೆಳಗೇ ನಿಂತು ಹೆಬ್ಬೆಟ್ಟಿನ ಕಥೆ ಹೇಳಿದೆ. ಎಡ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದೆ.

ಅವಳ ಕೈ ಸ್ಟಿಯರಿಂಗಿನ ಮೇಲೇ ಇತ್ತು.

"ನಮ್ಮದಕ್ಕೆ ಸಹಿ ಮಾಡಿದ್ದು ನೀನೇ ತಾನೆ?" ಎಂದಳು.

"ನಾನೇ. ನಿನ್ನ ಎದುರಿಗೆ."

"ನನ್ನ ಸಹಿ?"

"ನಿನ್ನದು ನೀನೇ ಮಾಡಿದ್ದು."

"ಸರಿ. ಅಷ್ಟಾದರೂ ಇರಲಿ." ಗಡಿಯಾರ ನೋಡಿ ಬಾಗಿಲು ಹಾಕಿದಳು. ಬಸ್ಸು ಹೋಯಿತು.

ವಿಚಾರಣೆ ಡೆನ್ ಬಾಸ್ ಎಂಬ ಊರಿನ ಕೋರ್ಟಿನಲ್ಲಿ. ಮೊದಲ ಸಲ ಹೋದಾಗ ದುಭಾಷಿಯಾಗಿ ಬಂದವನು ಹಿಂದಿಯವನು. ಕನ್ನಡ ಎಂದು ಬರೆದಿದ್ದರೂ ಭಾರತ ಎಂದರೆ ಹಿಂದಿ ಎಂದು ಯಾರೋ ತಿಳಿದುಕೊಂಡಿದ್ದರು. ನನಗೆ ಹಿಂದಿ ಬರುತ್ತದೆ; ಇಲ್ಲಿಗೆ ಬರುವ ಮುಂಚೆ ದುಡಿದ ಪುಣೆಯ ಅಡುಗೆಮನೆಗಳಲ್ಲಿ ಕಲಿತದ್ದು. ಆ ಹಿಂದಿಯಲ್ಲಿ ಆರ್ಡರುಗಳಿವೆ, ಬೈಗುಳಗಳಿವೆ, ಇದನ್ನು ಹೇಳುವ ಮಾತಿಲ್ಲ. ಇದೇ ಭಾಷೆಯಲ್ಲಿ ಮುಗಿಸಿಬಿಡೋಣ ಎಂದು ಒಂದು ಕ್ಷಣ ಅನಿಸಿತು, ಅಷ್ಟು ಹೆದರಿದ್ದೆ. ಆದರೆ ವಕೀಲೆಗೆ ಬೇಡವೆಂದೆ. ವಿಚಾರಣೆಯನ್ನು ಮುಂದಕ್ಕೆ ಹಾಕಿದರು. ಇನ್ನೂ ಏಳು ವಾರ ಅಂಚೆಯ ಸದ್ದಿಗೆ ಬೆಚ್ಚುವುದು.

ಎರಡನೆಯ ಸಲ ಬಂದವರು ಆಮರ್ಸ್‌ಫೋರ್ಟಿನಿಂದ ಒಬ್ಬ ಹಿರಿಯ ಹೆಂಗಸು. ಉಣ್ಣೆಯ ಸ್ವೆಟರು, ಹಣೆಯಲ್ಲಿ ಕುಂಕುಮ. "ಕೂತ್ಕೊಳ್ಳಿ, ನೀರು ಕುಡೀರಿ," ಎಂದರು ಮೊದಲಿಗೆ. ಬಾಗಿಲು ಮುಚ್ಚಿದ ಸಣ್ಣ ಕೋಣೆ. ನ್ಯಾಯಾಧೀಶೆ, ಬರೆದುಕೊಳ್ಳುವ ಗುಮಾಸ್ತ, ನನ್ನ ವಕೀಲೆ, ನಾನು, ಆಚೆ ಕುರ್ಚಿಯಲ್ಲಿ ಬಸ್ಸಿನವಳು. ರಜೆ ಹಾಕಿ ಬಂದಿದ್ದಳು, ಬೇರೆ ರೈಲಿನಲ್ಲಿ.

ನ್ಯಾಯಾಧೀಶೆ ಲಗ್ನಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅರಿಶಿನ ಬೆರಳಿಗೆ ಹತ್ತಿತು. ಆಮೇಲೆ ನನ್ನ ಕಡೆ ತಿರುಗಿದರು.

"ನಗರಸಭೆಯಲ್ಲಿ ಸಹಿ ಮಾಡುವಾಗ, ಆ ಬಿಡುಗಡೆ ಪತ್ರಕ್ಕೆ ನಿಮ್ಮ ಹೆಂಡತಿ ಒಪ್ಪಿಗೆ ಕೊಟ್ಟಿಲ್ಲವೆಂದು ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು," ಎಂದೆ.

ದುಭಾಷಿ ತಡೆದರು. ಮೆಲ್ಲಗೆ ನನಗೆ, "ಪ್ರಶ್ನೆ ಅರ್ಥ ಆಯ್ತಾ? ಇನ್ನೊಂದ್ಸಲ ಹೇಳ್ಲಾ?"

"ಅರ್ಥ ಆಗೇತ್ರಿ ಅಮ್ಮಾರ. ಗೊತ್ತಿತ್ತು ಅಂತ ಹೇಳ್ರಿ."

ಅವರು ಹೇಳಿದರು.

"ಹೆಬ್ಬೆಟ್ಟು ಯಾರದು?"

ಎಡ ಹೆಬ್ಬೆರಳನ್ನು ಎತ್ತಿ ತೋರಿಸಿದೆ. ನುಣ್ಣಗೆ ಹೊಳೆಯುವ, ಒಂದು ಗೆರೆಯೂ ಇಲ್ಲದ ಬೆರಳು. ನ್ಯಾಯಾಧೀಶೆ ಮುಂದೆ ಬಗ್ಗಿ ನೋಡಿ ಏನೋ ಬರೆದುಕೊಂಡರು. ಅವರು ಬರೆದು ಮುಗಿಸುವ ತನಕ ಬೆರಳನ್ನು ಇಳಿಸಲಿಲ್ಲ.

ಬಸ್ಸಿನವಳನ್ನು ಕೇಳಿದರು: "ನಿಮಗೆ ಮೊದಲ ಮದುವೆಯ ವಿಷಯ ತಿಳಿದಿತ್ತೇ?"

"ಇಲ್ಲ," ಎಂದಳು. "ನೋಟೀಸು ಬಂದ ದಿನವೂ ಹೊಲದ ತಕರಾರು ಎಂದಿದ್ದ." ಗುಮಾಸ್ತ ನಗು ತಡೆಯಲು ತುಟಿ ಕಚ್ಚಿದ. ಅವಳು ಮುಂದುವರಿಸಿದಳು: "ಆದರೆ ಹೆಬ್ಬೆಟ್ಟಿನದನ್ನು ಅವನೇ ಬಂದು ಹೇಳಿದ. ಅದನ್ನೂ ಬರೆದುಕೊಳ್ಳಿ."

ನಾಲ್ಕು ವಾರಕ್ಕೆ ತೀರ್ಪು ಬಂತು. ಪಾರ್ಟ್ನರ್‌ಶಿಪ್ಪು ಮೊದಲಿನಿಂದಲೂ ಅಸಿಂಧು. ಅವಳು ಏನೂ ತಿಳಿಯದೆ ಒಪ್ಪಿದ್ದರಿಂದ ಅವಳ ಹಕ್ಕುಗಳಿಗೆ ರಕ್ಷಣೆ ಇದೆ, ನನಗೆ ಇಲ್ಲ. ಮೇಲ್ಮನವಿಯ ಮೂರು ತಿಂಗಳು ಕಳೆದ ಮೇಲೆ ನಗರಸಭೆಯ ದಾಖಲೆಯ ಕೊನೆಗೆ ಹೊಸ ಟಿಪ್ಪಣಿ ಬಿತ್ತು. ಕೌಂಟರಿನಲ್ಲಿ ಕೊಟ್ಟ ಹಾಳೆಯಲ್ಲಿ, ಊರಿನ ಮದುವೆಯ ಲೆಕ್ಕದಲ್ಲಿ, ನನ್ನ ಸ್ಥಿತಿ 'ವಿವಾಹಿತ' ಎಂದಿತ್ತು. ಈ ದೇಶದಲ್ಲಿ ನನ್ನ ಬಗ್ಗೆ ಆ ಖಾನೆಯಲ್ಲಿ ನಿಜ ಬರೆದದ್ದು ಅದೇ ಮೊದಲು.

ಅದರ ಬೆನ್ನಿಗೇ ವಲಸೆ ಇಲಾಖೆಯ ಪತ್ರ: ಪರ್ಮಿಟ್ಟು ರದ್ದು ಮಾಡುವ ಉದ್ದೇಶವಿದೆ, ಹೇಳುವುದಿದ್ದರೆ ಹೇಳಿ. ಅದನ್ನು ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಹಂಚು ಕಾದು ಹೊಗೆಯಾಡುತ್ತಿತ್ತು. ಕೆಲಸ ಮುಗಿಸಿ ಬಂದ ಅವಳೇ ಒಲೆ ಆರಿಸಿದಳು.

ಊರಿನ ಕೋರ್ಟಿನಲ್ಲಿ ಆಕೆಯ ಅರ್ಜಿ ನಡೆಯಿತು. ನನ್ನ ಎರಡು ಪುಟವನ್ನು ಅಲ್ಲಿ ಗಟ್ಟಿಯಾಗಿ ಓದಿಸಿದರಂತೆ. ಅಣ್ಣ ಅಂದಿನಿಂದ ನನ್ನ ಫೋನು ಎತ್ತುವುದಿಲ್ಲ. ವಿಚ್ಛೇದನದ ಪ್ರತಿಯ ಜೊತೆ ಆಕೆ ಚೀಟಿ ಇಟ್ಟಿರಲಿಲ್ಲ. ಲಕೋಟೆಯ ಮೇಲೆ ಕಳಿಸಿದವರ ಜಾಗದಲ್ಲಿ ಆಕೆಯ ಪೂರ್ತಿ ಹೆಸರಿತ್ತು, ಕೆಳಗೆ 'ಶಿಕ್ಷಕಿ' ಎಂದು. ಹೆಬ್ಬೆಟ್ಟಿಗಾಗಿ ಕೇಸು ಹಾಕುತ್ತಾಳೇನೋ ಎಂದು ಕಾದೆ. ಹಾಕಲಿಲ್ಲ.

ಹಳೆಯ ಪರ್ಮಿಟ್ಟು ರದ್ದಾಯಿತು. ಉಳಿದದ್ದು ಒಂದು ದಾರಿ ಎಂದಳು ವಕೀಲೆ. ಈಗ ನಾನು ಕಾನೂನಿನಂತೆ ಒಂಟಿ. ಮದುವೆಯಾಗದೆ ಕೂಡಿ ಬಾಳುವವರಿಗೂ ಇಲ್ಲಿ ಅರ್ಜಿ ಇದೆ, ಅದರ ಉತ್ತರ ಬರುವ ತನಕ ಇರಲು ಬಿಡುತ್ತಾರೆ. ಆದರೆ ಸಂಬಂಧ ನಿಜವೆಂದು ಇಬ್ಬರೂ ಸಹಿ ಮಾಡಬೇಕು. "ಅವರು ಮಾಡಲೇಬೇಕೆಂದಿಲ್ಲ," ಎಂದೂ ಹೇಳಿದಳು. "ನೀವು ಒತ್ತಾಯ ಮಾಡುವಂತಿಲ್ಲ."

ಫಾರ್ಮನ್ನು ಮನೆಯಲ್ಲಿ ಕೊಡಲು ನನಗೆ ಧೈರ್ಯ ಬರಲಿಲ್ಲ. ಹನ್ನೊಂದೂವರೆಗೆ, ಡಬ್ಬಿ ಕಟ್ಟಿದ ಸೈಕಲ್ಲನ್ನು ತಳ್ಳಿಕೊಂಡು ಕೊನೆಯ ನಿಲ್ದಾಣಕ್ಕೆ ಹೋದೆ. ಅವಳು ಬಾಗಿಲು ತೆರೆದಳು. ಹಾಳೆ ಚಾಚಿದೆ. ಅವಳು ಎರಡು ಪುಟವನ್ನೂ ಮೊದಲಿನಿಂದ ಕೊನೆಯ ತನಕ ಓದಿದಳು. ಹನ್ನೆರಡು ನಿಮಿಷದಲ್ಲಿ ಏಳು ಹೋದವು.

"ಮೊದಲು ನೀನು," ಎಂದು ಹಾಳೆಯನ್ನು ಟಿಕೆಟ್ ಯಂತ್ರದ ಮೇಲೆ ಇಟ್ಟು ಪೆನ್ನು ಕೊಟ್ಟಳು.

ಮೆಟ್ಟಿಲು ಹತ್ತಿ ಸಹಿ ಮಾಡಿದೆ. ಕನ್ನಡದಲ್ಲಿ, ಪೂರ್ತಿ ಹೆಸರು. ಅವಳು ಹಾಳೆಯನ್ನು ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. ಮುಗಿದ ಮೇಲೆ ಪೆನ್ನು ತೆಗೆದುಕೊಂಡು ಗಡಿಯಾರ ನೋಡಿದಳು, ಹೊರಗೆ ಗಾಳಿಗೆ ವಾಲುತ್ತಿದ್ದ ಸೈಕಲ್ಲನ್ನು ನೋಡಿದಳು. ನಂತರ ಬಗ್ಗಿ ತನ್ನ ಹೆಸರು ಬರೆದಳು.

"ಡಬ್ಬಿ ಹತ್ತಿಸು," ಎಂದಳು. "ಹೊತ್ತಾಯಿತು."